ಒಂದು ಒಳ್ಳೆ ಚಮಚ

ನಾನು ಓದಿದ್ದು ಎರಡನೇ ಕ್ಲಾಸು. ಡಾಕ್ಟರ ಚೀಟಿ ಓದಲು ಅದು ಸಾಲದು. ಡಿಗ್ರಿ ಮಾಡಿದ ನನ್ನ ಸೊಸೆಗೂ ಓದಲಾಗಲಿಲ್ಲ. ಅಷ್ಟರ ಮಟ್ಟಿಗೆ ನಾವಿಬ್ಬರೂ ಸಮ.

ಎರಡು ವರ್ಷದ ಮೊಮ್ಮಗಳಿಗೆ ಕೆಮ್ಮು, ಜ್ವರ. ಉಸಿರು ಓಡಿಬಂದವರಂತೆ ಬಿರುಸಾಗಿತ್ತು. ಬಸ್ಸು ಹತ್ತಿ ಕನಕಪುರದ ಒಂದು ಕ್ಲಿನಿಕ್ಕಿಗೆ ಹೋದೆವು. ನ್ಯುಮೋನಿಯಾ ಶುರುವಾಗಿದೆ, ಐದು ದಿನ ಔಷಧಿ ತಪ್ಪಬಾರದು, ತಪ್ಪಿದರೆ ಕಾಯಿಲೆ ಕೈಮೀರುತ್ತದೆ ಎಂದರು ಡಾಕ್ಟರಮ್ಮ. ಇಷ್ಟು ತೂಕದ ಮಗುವಿಗೆ ಇಷ್ಟು ಔಷಧಿ ಎಂಬ ದೊಡ್ಡ ಪಟ್ಟಿ ಗೋಡೆಯ ಮೇಲಿತ್ತು. ತೂಕದ ಯಂತ್ರವೂ ಇತ್ತು. ಅದರ ಮೇಲೆ ಗ್ಲೂಕೋಸ್ ಡಬ್ಬ ಜೋಡಿಸಿದ್ದರು. ಡಾಕ್ಟರಮ್ಮ ಮಗುವನ್ನು ಕಣ್ಣಲ್ಲೇ ತೂಗಿದರು.

ಔಷಧಿ ಕೊಡುವ ಹುಡುಗಿ, "ಬೆಳಿಗ್ಗೆ, ಸಂಜೆ, ಒಂದು ಒಳ್ಳೆ ಚಮಚದಲ್ಲಿ ಕುಡುಸಜ್ಜಿ" ಅಂದಳು. ಫ್ಯಾನಿನ ಗದ್ದಲದಲ್ಲಿ ನನಗೆ ಕೇಳಿದ್ದು 'ಒಂದು ಒಳ್ಳೆ' ಎಂಬವರೆಗೆ ಅಷ್ಟೆ. ಒಳ್ಳೆ ಎಂದರೆ ನಮ್ಮಲ್ಲಿ ಕೂಸಿಗೆ ಹಾಲು ಹುಯ್ಯುವ, ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು. ಪುಸ್ತಕದವರು ಒಳಲೆ ಎನ್ನುತ್ತಾರೆ. ಈ ಹುಡುಗಿಗೂ ಅದರ ನೆನಪಿದೆಯಲ್ಲ ಎಂದು ಹಿಗ್ಗಿದೆ.

ಮನೆಗೆ ಬಂದು ಒಳ್ಳೆ ತೊಳೆದಾಗ ಸೊಸೆ, "ಚಮಚ ಅಂದಂಗಿತ್ತು ಕಣತ್ತೆ" ಅಂದಳು.

"ನಿನ್ ಕಿವಿ ಮೊಬೈಲ್‌ಗೆ ಬರ್ಕೊಟ್‌ಬುಟ್ಟಿದ್ದೀಯ. ಸುಮ್ಕಿರು."

ಎರಡನೇ ಸಂಜೆಗೆ ಬಾಟಲಿ ಬರಿದಾಯಿತು. ಕೆಮ್ಮು ಹಾಗೇ ಇತ್ತು, ಜೊತೆಗೆ ಭೇದಿ ಸೇರಿಕೊಂಡಿತು. ಬೆಳಿಗ್ಗೆ ಮತ್ತೆ ಕ್ಲಿನಿಕ್ಕಿಗೆ ಹೋಗಿ ಇನ್ನೊಂದು ಬಾಟಲಿ ಕೇಳಿದೆ.

"ಐದು ದಿನದ್ದು ಎಲ್ಲೋಯ್ತಜ್ಜಿ? ನೀನೂ ಒಸಿ ಕುಡುದ್ಯಾ?" ಅಂದಳು ಆ ಹುಡುಗಿ.

"ನೀನೇಳ್ದಂಗೇ ಕಣವ್ವ. ಒತ್ತಾರೆ ಒಂದ್ ಒಳ್ಳೆ, ಸಂಜಿಕ್ ಒಂದ್ ಒಳ್ಳೆ." ಚೀಲದಿಂದ ತೆಗೆದು ತೋರಿಸಿದೆ.

ಅವಳು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಸಿರಿಂಜಿನಲ್ಲಿ ನೀರು ಅಳೆದು ಒಳ್ಳೆಗೆ ಹುಯ್ದರು. ಮೂರು ಚಮಚ ಹಿಡಿಯಿತು.

"ಏನಜ್ಜಿ, ಇಂಥಾದ್ರಲ್ಲಿ ಯಾರಾದ್ರೂ ಔಷಧಿ ಅಳೀತಾರಾ?" ಅಂದರು.

ತಪ್ಪು ನನ್ನದೇ. ಆದರೂ ಬಾಯಿ ಸುಮ್ಮನಿರಲಿಲ್ಲ. "ತಾಯೀ, ರಾಮನಗರದ ಮಾರ್ಕೆಟ್‌ಗೆ ರೇಷ್ಮೆಗೂಡು ತಗಂಡೋದ್ರೆ ಗ್ರಾಂ ಬುಡ್ದಂಗೆ ತೂಗ್ತಾರೆ. ನಮ್ ಮಗೀನ ನೀವ್ ಯಾವುದ್ರಲ್ ತೂಗುದ್ರಿ?"

ಸೊಸೆ ನನ್ನ ಸೆರಗು ಜಗ್ಗಿದಳು. ಗ್ಲೂಕೋಸ್ ಡಬ್ಬಗಳು ಕೆಳಗಿಳಿದವು. ಮಗು ಯಂತ್ರ ಹತ್ತಿತು. ಡಾಕ್ಟರಮ್ಮ ಗೋಡೆಯ ಪಟ್ಟಿ ನೋಡಿದರು, ಮಗುವನ್ನು ನೋಡಿದರು, ಚೀಟಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿದರು. ಅವರು ಕಣ್ಣಲ್ಲಿ ತೂಗಿ ಬರೆದ ಒಂದು ಚಮಚವೂ ಮಗುವಿಗೆ ಹೆಚ್ಚೇ ಆಗಿತ್ತಂತೆ. ಮಗುವಿನ ಉಸಿರು ಎಣಿಸಿ, ಭೇದಿಗೆ ಕುಡಿಸುವ ಪುಡಿ, ಇನ್ನೊಂದು ಬಾಟಲಿ ಕೊಟ್ಟು, ಸೂಜಿಯಿಲ್ಲದ ಹೊಸ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದರು.

"ಈ ಗೆರೆ ದಾಟ್‌ಬಾರ್ದು. ಇನ್ನೂ ಮೂರು ದಿನ."

ಮೂರು ದಿನ ನಾನು ಮಗುವನ್ನು ಹಿಡಿದುಕೊಂಡೆ, ಸೊಸೆ ಗೆರೆ ನೋಡಿ ಕುಡಿಸಿದಳು. ಉಸಿರು ಹದಕ್ಕೆ ಬಂತು. ನಾಲ್ಕನೇ ದಿನ ಮಗು ಸಿರಿಂಜು ಕಿತ್ತುಕೊಂಡು ನನ್ನ ಕಿವಿಗೆ ಚುಚ್ಚಿತು.

ತೋರಿಸಲು ಮತ್ತೆ ಕ್ಲಿನಿಕ್ಕಿಗೆ ಹೋದರೆ, ಯಂತ್ರದ ಮೇಲೆ ಗ್ಲೂಕೋಸ್ ಡಬ್ಬಗಳು ವಾಪಸ್ಸು ಕೂತಿದ್ದವು. ನಾನು ಯಾರನ್ನೂ ಕೇಳಲಿಲ್ಲ. ಒಂದೊಂದೇ ಇಳಿಸಿ ಮಗುವನ್ನು ನಿಲ್ಲಿಸಿದೆ.