ಆಟ ಇಲ್ಲದವರಿಗೆ ಬರ್ತ್ ಇಲ್ಲ

ಕ್ಷಮಿಸುವುದು ದೊಡ್ಡ ಗುಣ ಎಂದು ಉಪದೇಶ ಮಾಡುವವರ ಅಮ್ಮನ ಕಾಲು ಸಾಮಾನ್ಯವಾಗಿ ನೆಟ್ಟಗಿರುತ್ತದೆ. ನನಗೆ ಆ ಗುಣ ಬರಲಿಲ್ಲ. ಬರಲಿ ಎಂದು ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ.

ನಾನು ಬೆಳೆದದ್ದು ರೈಲಿನಲ್ಲಿ. ನಮ್ಮದು ಸರ್ಕಸ್ಸಿನ ಸಂಸಾರ. ಅಮ್ಮ ಟ್ರಪೀಜ್ ಆಡುತ್ತಿದ್ದಳು, ಅಪ್ಪ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಒಂದು ಊರಿನಲ್ಲಿ ಡೇರೆ ಬಿಚ್ಚಿದರೆ ಪ್ರಾಣಿ, ಕಂಬ, ಜನ ಎಲ್ಲ ಒಂದೇ ರೈಲಿಗೆ ಏರಿ ಮುಂದಿನ ಊರಿಗೆ. ಅಮ್ಮ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ ನಮ್ಮ ಬರ್ತನ್ನು ಕೋಣೆ ಮಾಡುತ್ತಿದ್ದಳು. ಬೋಗಿಗಳನ್ನು ಸೈಡಿಂಗಿನಲ್ಲಿ ನಿಲ್ಲಿಸಿದ ದಿನ ಹಳಿಯ ಪಕ್ಕದಲ್ಲೇ ಸ್ಟವ್ ಹಚ್ಚಿ ಗಂಜಿ ಬೇಯಿಸುತ್ತಿದ್ದಳು. ಕಿಟಕಿಯ ಸರಳಿನಿಂದ ಸಿಗ್ನಲ್ ಕಂಬದವರೆಗೆ ಬಟ್ಟೆ ಒಣಗಿಸುವ ಹಗ್ಗ. ಹಿಂದಿನ ವ್ಯಾಗನ್ನಿನಲ್ಲಿ ಆನೆ ಕಾಲು ಬದಲಿಸಿದರೆ ನಮ್ಮ ಬೋಗಿಗೂ ಒಂದು ಜಗ್ಗು ತಟ್ಟುತ್ತಿತ್ತು. ನಾನು ಅಕ್ಷರ ಕಲಿತದ್ದು ಸ್ಟೇಷನ್ನುಗಳ ಹಳದಿ ಬೋರ್ಡು ನೋಡಿ. ಅಮ್ಮ ಬೆರಳು ತೋರಿಸಿ ಯಾವ ಅಕ್ಷರ ಎಂದು ಕೇಳುತ್ತಿದ್ದಳು. ನಾನು ಯೋಚಿಸುವಷ್ಟರಲ್ಲಿ ಸ್ಟೇಷನ್ ದಾಟಿ ಹೋದರೆ ಮುಂದಿನ ಊರು ಬರುವವರೆಗೆ ನಾನು ದಡ್ಡಿ.

ಯಾರಿಗೆ ಯಾವ ಬರ್ತ್ ಎಂದು ತೀರ್ಮಾನಿಸುತ್ತಿದ್ದವನು ಮ್ಯಾನೇಜರ್. ಬರ್ತಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದ. ಟ್ರಪೀಜಿನವರಿಗೆ ಕಿಟಕಿಯ ಕೆಳಗಿನ ಬರ್ತ್, ಸೈಕಲ್ಲಿನವರಿಗೆ ಮಧ್ಯದ್ದು, ಜೋಕರುಗಳಿಗೆ ಪಾಯಿಖಾನೆಯ ಪಕ್ಕದ್ದು. ಡ್ರಮ್ಮಿನವನನ್ನು ಯಾರೂ ಕೇಳುತ್ತಿರಲಿಲ್ಲ. ಅಪ್ಪನೂ ನಾನೂ ಅಮ್ಮನ ಬರ್ತಿನ ಮೇಲೆ ಬದುಕಿದವರು. ಮ್ಯಾನೇಜರ್ ನಮ್ಮದೇ ಕರಾವಳಿಯವನು, ನಮ್ಮದೇ ಮಾತು ಆಡುವವನು. ಎಡ ಹುಬ್ಬಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ನರಹುಲಿ ಇತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಧ್ಯಾಹ್ನದ ಆಟದಲ್ಲಿ ಅಮ್ಮನ ಹಿಡಿತ ತಪ್ಪಿತು. ಬಲೆಗೇ ಬಿದ್ದಳು, ಆದರೆ ಬಲೆಯ ಅಂಚು ಅವಳನ್ನು ಪುಟಿಸಿ ಹೊರಗೆ ಎಸೆಯಿತು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಕಾಲು ಅಲುಗಾಡಬಾರದು ಎಂದರು. ಮೂರನೇ ದಿನ ರೈಲು ಹೊರಡುವುದಿತ್ತು. ಅಪ್ಪ ನಾಲ್ಕು ಜನರ ಕೈಯಲ್ಲಿ ಅಮ್ಮನನ್ನು ಹೊರಿಸಿಕೊಂಡು ಬಂದಾಗ ನಮ್ಮ ಬರ್ತಿನ ಹಲಗೆಯಿಂದ ಅವಳ ಹೆಸರನ್ನು ಒರೆಸಿಯಾಗಿತ್ತು.

“ಆಟ ಇಲ್ಲದವರಿಗೆ ಬರ್ತ್ ಇಲ್ಲ ಮಾರಾಯ,” ಎಂದ ಮ್ಯಾನೇಜರ್ ಅಪ್ಪನಿಗೆ. “ರೂಲ್ಸ್ ಅಂದ್ರೆ ರೂಲ್ಸ್. ಹಿಂದೆ ಡೇರೆಯ ವ್ಯಾಗನ್ ಉಂಟಲ್ಲ, ಅಲ್ಲಿ ಮಲಗಿಸು.”

ಆ ವ್ಯಾಗನ್ನಿಗೆ ಮೆಟ್ಟಿಲೇ ಇರಲಿಲ್ಲ. ಒದ್ದೆ ಕ್ಯಾನ್ವಾಸಿನ ಸುರುಳಿಗಳ ಮೇಲೆ ಅಮ್ಮನನ್ನು ಮೂಟೆಯ ಹಾಗೆ ಎತ್ತಿಟ್ಟರು. ಎರಡು ದಿನದ ದಾರಿ. ಎಂಜಿನ್ ಜೋಡಿಸುವಾಗಲೆಲ್ಲ ಬೀಳುವ ಧಕ್ಕೆಗೆ ಅವಳು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಹಿಡಿದುಕೊಂಡರೆ ಮೂಳೆ ನಿಲ್ಲುತ್ತದೆ ಎಂದುಕೊಂಡು ನಾನು ಪ್ಲಾಸ್ಟರನ್ನು ಎರಡು ಕೈಯಲ್ಲಿ ಒತ್ತಿಹಿಡಿದು ಕೂತಿದ್ದೆ. ನಿಲ್ಲಲಿಲ್ಲ. ಮೂಳೆ ಜರುಗಿ ಕೂಡಿಕೊಂಡಿತು, ಕಾಲು ಗಿಡ್ಡವಾಯಿತು. ಸರ್ಕಸ್ ನಮ್ಮನ್ನು ಬಿಟ್ಟು ಮುಂದೆ ಹೋಯಿತು. ಅಮ್ಮ ಊರಿಗೆ ಮರಳಿ ಒಂದೇ ಕಾಲಲ್ಲಿ ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದಳು. ಪ್ರತಿ ಸಂಜೆ ಕಾಲಿಗೆ ಎಣ್ಣೆ ತಿಕ್ಕುತ್ತಾ ಆ ಮನುಷ್ಯನ ಹೆಸರು ಹಿಡಿದು ಶಾಪ ಹಾಕುತ್ತಿದ್ದಳು. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಭಜನೆ ನಡೆಯುತ್ತಿತ್ತು, ನಮ್ಮಲ್ಲಿ ಇದು.

ಎರಡು ಸಾವಿರನೇ ಇಸವಿಯ ಆಚೀಚೆ ನಾನು ಅಬುಧಾಬಿಯ ಒಂದು ಹೋಟೆಲಿನ ಆಫೀಸಿನಲ್ಲಿದ್ದೆ. ನೌಕರರಿಗೆ ರೂಮು ಹಂಚುವುದು ನನ್ನ ಕೆಲಸ. ನಮ್ಮ ಸ್ಟಾಫ್ ಅಕಾಮಡೇಶನ್ ಊರಾಚೆಯ ಬನಿಯಾಸಿನಲ್ಲಿತ್ತು. ನಾಲ್ಕು ಮಹಡಿ, ಲಿಫ್ಟ್ ಕೆಟ್ಟು ತಿಂಗಳುಗಳೇ ಆಗಿದ್ದವು. ಆ ವರ್ಷ ಈದ್ ರಜೆಗೆ ಹೋಟೆಲಿನ ತೋಟದಲ್ಲಿ ಆಟ ಆಡಿಸಲು ಭಾರತದಿಂದ ಒಂದು ಸಣ್ಣ ಸರ್ಕಸ್ ತಂಡವನ್ನು ಕರೆಸಿದರು. ಅವರ ಪಾಸ್‌ಪೋರ್ಟಿನ ಪ್ರತಿಗಳು ಫ್ಯಾಕ್ಸಿನಲ್ಲಿ ಬಂದವು. ಕೊನೆಯ ಹಾಳೆಯಲ್ಲಿ ಆ ಹೆಸರು, ಆ ಊರು. ಫ್ಯಾಕ್ಸಿನ ಮಸಿಯಲ್ಲೂ ನರಹುಲಿ ಎದ್ದು ಕಾಣುತ್ತಿತ್ತು.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಾಡಿದ್ದುಣ್ಣೋ ಮಾರಾಯ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಪಕ್ಕದ ಮೇಜಿನ ಫಿಲಿಪಿನೊ ಸಹೋದ್ಯೋಗಿ ಏನೆಂದು ಕೇಳಿದಾಗ, ನಮ್ಮೂರಿನ ಪ್ರಾರ್ಥನೆ ಎಂದೆ. ಆಮೇಲೆ ಪಟ್ಟಿ ಮಾಡಲು ಕೂತೆ. ಕೆಳಮಹಡಿಯ ರೂಮುಗಳನ್ನೆಲ್ಲ ಆಟದವರಿಗೆ ಹಂಚಿದೆ. ಟ್ರಪೀಜ್ ಆಡುವ ಗಂಡಹೆಂಡತಿ ಇದ್ದರು, ಅವರಿಗೆ ಸ್ವಂತ ಬಚ್ಚಲಿದ್ದ ರೂಮು. ಮ್ಯಾನೇಜರನಿಗೆ ನಾಲ್ಕನೇ ಮಹಡಿಯ ಕೊನೆಯದು. ಅದರ ಎ.ಸಿ. ಅರ್ಧ ಸತ್ತಿತ್ತು, ಗೋಡೆಯಾಚೆ ಇಡೀ ಮಹಡಿಯ ಗಂಡಸರ ಪಾಯಿಖಾನೆ.

ತಂಡ ಬಂದ ಮೂರನೇ ದಿನ, ಅವನು ಏದುಸಿರು ಬಿಡುವುದನ್ನು ಕಣ್ಣಾರೆ ನೋಡಬೇಕೆಂದು ಆಫೀಸು ಮುಗಿಸಿ ಸ್ಟಾಫ್ ಬಸ್ಸಿನಲ್ಲಿ ಬನಿಯಾಸಿಗೆ ಹೋದೆ. ಮೆಟ್ಟಿಲಲ್ಲಿ ಸಿಕ್ಕಿದ್ದು ಅವನಲ್ಲ. ಟ್ರಪೀಜಿನ ಹೆಂಗಸು. ಪಾದಕ್ಕೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಕೂತಲ್ಲಿಂದಲೇ ಹಿಂದಕ್ಕೆ ಸರಿಯುತ್ತಾ ಒಂದೊಂದೇ ಮೆಟ್ಟಿಲು ಏರುತ್ತಿದ್ದಳು. ಗಂಡ ಚಪ್ಪಲಿ, ನೀರಿನ ಬಾಟಲಿ ಹಿಡಿದು ಜೊತೆಗಿದ್ದ.

“ಪ್ರಾಕ್ಟೀಸ್ ಮೇ ಗಿರ್ ಗಯೀ ದೀದಿ,” ಎಂದಳು. “ಮ್ಯಾನೇಜರ್ ಸಾಬ್ ನೇ ರೂಮ್ ಬದಲ್ ದಿಯಾ. ಅಭೀ ಮೇರಾ ಐಟಂ ಬಂದ್ ಹೈ ನಾ.”

ಅಭ್ಯಾಸದಲ್ಲಿ ಬಿದ್ದಿದ್ದಳು, ಅವಳ ಆಟ ನಿಂತಿತ್ತು, ಅವಳ ರೂಮು ಅವನ ಪಾಲಾಗಿತ್ತು. ಅವನಿಗೆಂದು ನಾನು ಹುಡುಕಿ ಹುಡುಕಿ ಇಟ್ಟ ರೂಮಿಗೆ ಇವಳು ತೆವಳುತ್ತಿದ್ದಳು. ನನ್ನ ಮೈ ಉರಿದುಹೋಯಿತು. ಅವನ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು.

ಅವನು ಕೆಳಗಿನ ರೂಮಿನಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು, ಅಷ್ಟೇ ವ್ಯತ್ಯಾಸ.

“ಈ ರೂಮು ನಿಮಗೆ ಕೊಟ್ಟದ್ದಲ್ಲ. ಖಾಲಿ ಮಾಡಿ,” ಎಂದೆ ಕನ್ನಡದಲ್ಲೇ.

“ಓ, ನಮ್ಮ ಕಡೆಯವರಾ!” ಎಂದು ಹಲ್ಲು ಬಿಟ್ಟ. “ನನಗೆ ಮೊಣಗಂಟು ನೋವುಂಟು ಮಾರಾಯ್ತಿ, ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ. ಅವಳಿಗೆ ಹೇಗೂ ಆಟ ಇಲ್ಲ.”

“ಖಲಾಸ್, ಮಾತು ಸಾಕು. ಹೆಂಗಸನ್ನು ಗಂಡಸರ ಮಹಡಿಗೆ ಹಾಕಿದ್ದೀರಿ ಅಂತ ಮೇಲಿನವರಿಗೆ ಬರೆದರೆ ನಾಳೆಯೇ ನಿಮ್ಮನ್ನು ವಿಮಾನ ಹತ್ತಿಸ್ತಾರೆ. ಯಲ್ಲಾ, ಬೇಗ ಏಳಿ.”

ಅವನ ಸೂಟ್‌ಕೇಸನ್ನು ನಾನೇ ಎಳೆದು ಹೊರಗಿಟ್ಟೆ. ಗಂಡಹೆಂಡತಿ ಕೆಳಗಿಳಿದು ಬಂದರು, ಅವನು ಮೇಲೆ ಹೊರಟ. ನಾನು ಹಿಂದೆಯೇ ಹತ್ತಿದೆ, ಸೂಟ್‌ಕೇಸಿಗೆ ಕೈ ಹಾಕಲಿಲ್ಲ. ಪ್ರತಿ ಮೆಟ್ಟಿಲಿಗೂ ಅವನ ಬಾಯಿಂದ ಅಯ್ಯೋ ಬರುತ್ತಿತ್ತು, ಪ್ರತಿ ಅಯ್ಯೋಗೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಮೂರನೇ ಮಹಡಿಯಲ್ಲಿ ಕುಸಿದು ಕೂತ. ಆಗ ಅಮ್ಮನ ಹೆಸರು ಹೇಳಿದೆ. ಟ್ರಪೀಜ್ ಎಂದೆ, ತೊಡೆ ಮುರಿದವಳು ಎಂದೆ, ಡೇರೆಯ ವ್ಯಾಗನ್ ಎಂದೆ. ಅವನು ಮುಖ ಒರೆಸಿಕೊಂಡು ನಿಜವಾಗಿಯೂ ಯೋಚಿಸಿದ.

“ಯಾರಪ್ಪ ಅದು?” ಎಂದ. “ಬಿದ್ದವರು ಬೇಕಾದಷ್ಟು ಜನ ಇದ್ರು.”

ನಾಟಕವಾಡುತ್ತಿರಲಿಲ್ಲ. ಕಣ್ಣು ನೋಡಿದರೆ ತಿಳಿಯುತ್ತಿತ್ತು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಇನ್ನೂ ಒಂದು ಮಹಡಿ ಬಾಕಿ ಇತ್ತು, ಹತ್ತಿಸಿದೆ.

ಶುಕ್ರವಾರ ರಜೆ. ಬೆಳಿಗ್ಗೆಯೇ ಅಮ್ಮನಿಗೆ ಫೋನ್ ಮಾಡಿ ಮೊದಲಿನಿಂದ ಎಲ್ಲ ಹೇಳಿದೆ.

“ಮೆಟ್ಟಿಲು ಎಷ್ಟುಂಟು?” ಎಂದಳು.

“ಎಪ್ಪತ್ತೆರಡು.”

“ಅಷ್ಟನ್ನೂ ಹತ್ತಿದನಾ?”

“ಅಷ್ಟನ್ನೂ. ನಡುವೆ ಒಮ್ಮೆ ಕೂತ.”

ಅಮ್ಮ ನಕ್ಕಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. “ನನ್ನ ಹೆಸರು ಹೇಳಿದ್ಯಾ?”

“ಹೇಳಿದೆ.”

“ಎಂತ ಹೇಳಿದ?”

ಕೈಮುಗಿದು ಅತ್ತ ಎನ್ನಬಹುದಿತ್ತು. ಒಂದು ಸುಳ್ಳಿನಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಗೆದ್ದ ಅಮಲಿನಲ್ಲಿ ನನಗೆ ಬುದ್ಧಿ ಓಡಲಿಲ್ಲ.

“ಅವನಿಗೆ ನಿನ್ನ ನೆನಪೇ ಇಲ್ಲಮ್ಮ.”

ಲೈನು ಹೋಯಿತೆಂದು ಹಲೋ ಹಲೋ ಎಂದೆ.

“ಇದ್ದೇನೆ,” ಎಂದಳು ಅಮ್ಮ. “ಟ್ರಪೀಜ್ ಅಂತ ಹೇಳಿದ್ಯಾ? ಬರೀ ಹೆಸರು ಹೇಳಿದ್ರೆ ಅವನಿಗೆ ಹೇಗೆ ಗೊತ್ತಾಗ್ಬೇಕು?”

ಹೇಳಿದ್ದೆ. ಹೇಳಿದ್ದೆನೆಂದು ಅವಳಿಗೂ ಹೇಳಿದೆ.