ಕೆರೆ ಏರಿಯ ಮೇಲೆ ತಾನಾಗಿ ತಿರುಗಿದ ಸ್ಟಿಯರಿಂಗ್

1943ರಲ್ಲಿ ನಾನು ಕೋಲಾರದ ಒಂದು ಖಾಸಗಿ ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದವು. ಹೊಸ ಬಿಡಿಭಾಗಗಳ ಮಾತೇ ಇರಲಿಲ್ಲ. ಒಂದು ಗಾಡಿಯದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಿ ಹೇಗೋ ದಿನ ತಳ್ಳುತ್ತಿದ್ದೆವು.

ಆ ವರ್ಷ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೊರಟಿದ್ದ ನಮ್ಮ ಬಸ್ಸು ಕೆರೆ ಏರಿಯಿಂದ ಗದ್ದೆಯ ಕಡೆಗೆ ಜಾರಿ ಇಳಿಯಿತು. ಪುಣ್ಯಕ್ಕೆ ಮಗುಚಲಿಲ್ಲ. ಆದರೂ ಮುದುಕರೊಬ್ಬರ ತೊಡೆಯ ಮೂಳೆ ಮುರಿಯಿತು. ಡ್ರೈವರನನ್ನು ಪೊಲೀಸರು ಠಾಣೆಗೆ ಕರೆದೊಯ್ದರು. ಆ ಡ್ರೈವರ್ ಮುನಿಶಾಮಪ್ಪ, ನನ್ನ ಅಕ್ಕನ ಗಂಡ.

ಠಾಣೆಯಲ್ಲಿ ಭಾವ ಗೋಡೆಗೆ ಒರಗಿ ಕೂತಿದ್ದ.

"ಸ್ಟಿಯರಿಂಗ್ ನಾನು ತಿರುಗಿಸ್ಲಿಲ್ಲ ಕಣೋ. ಗುಂಡಿಗೆ ಬಿದ್ದು ಎದ್ದೇಟಿಗೆ ಅದೇ ತಿರುಗ್ತು. ಎಳೆದು ಹಿಡಿದೆ, ಇನ್ನೊಂದು ಗುಂಡಿ ಬಂತು. ನಾ ಮಾಟ ನಮ್ಮರಾ." ನನ್ನ ಮಾತು ನಂಬು ಎಂದು ಕೊನೆಗೆ ಮನೆಯಲ್ಲಾಡುವ ತೆಲುಗಿಗೇ ಇಳಿದಿದ್ದ.

ಗಾಡಿಯನ್ನು ಎಳೆಸಿ ವರ್ಕ್‌ಶಾಪಿಗೆ ತಂದೆವು. ಮಡ್‌ಗಾರ್ಡ್ ನಜ್ಜುಗುಜ್ಜಾಗಿದ್ದು ಬಿಟ್ಟರೆ ಹೆಚ್ಚಿನ ಪೆಟ್ಟಿರಲಿಲ್ಲ. ಸ್ಟಿಯರಿಂಗ್ ಬಾಕ್ಸ್ ಬಿಚ್ಚಿದೆ, ಸರಿಯಿತ್ತು. ಚಕ್ರಗಳು ತಿರುಗಲು ಆಧಾರವಾದ ಕಿಂಗ್ ಪಿನ್‌ಗಳಲ್ಲಿ ಸಡಿಲವಿರಲಿಲ್ಲ. ಬ್ರೇಕ್ ಎರಡೂ ಕಡೆ ಸಮನಾಗಿ ಹಿಡಿಯುತ್ತಿತ್ತು. ಮೋಟಾರು ಗಾಡಿಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರು ಬಂದು, ಖಾಲಿ ಬಸ್ಸನ್ನು ತಾವೇ ಪೇಟೆಯ ರಸ್ತೆಯಲ್ಲಿ ಓಡಿಸಿದರು. ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

"ಗಾಡಿಯಲ್ಲಿ ದೋಷ ಇಲ್ಲ. ನಿಮ್ಮ ಡ್ರೈವರ್‌ಗೆ ನಿದ್ದೆ ಹತ್ತಿರಬೇಕು, ಇಲ್ಲ ಕುಡಿದಿರಬೇಕು. ನಾಡಿದ್ದು ನಿಮ್ಮ ಹೇಳಿಕೆ ಕೊಡಿ," ಎಂದರು.

ಮಾಲೀಕರಾದ ಶೆಟ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಗಾಡಿ ಸರಿಯಿಲ್ಲ ಅಂದ್ರೆ ಪರ್ಮಿಟ್ ಹೋಗ್ತದೆ ಕಣಯ್ಯ. ಇಷ್ಟು ಜನಕ್ಕೆ ಅನ್ನ ಹಾಕೋರು ಯಾರು? ನೀನೇ ನೋಡಿದ್ದೀಯಲ್ಲ, ಸರಿಯಿದೆ ಅಂತ ಹೇಳ್ಬಿಡು." ಅವರು ಕೆಟ್ಟವರಲ್ಲ, ಹೆದರಿದ್ದರು. ಗಾಡಿ ಸರಿಯಿದೆ ಎಂದರೆ ಭಾವನಿಗೆ ಜೈಲು. ಸರಿಯಿಲ್ಲ ಎನ್ನಲು ನನ್ನ ಕೈಯಲ್ಲಿ ಪುರಾವೆಯಿಲ್ಲ. ಬಂಧುವನ್ನು ಬಿಡಿಸಲು ಸುಳ್ಳು ಹೇಳಿದ ಎನ್ನುತ್ತಾರೆ. ಮನೆಗೆ ಹೋದರೆ ಅಕ್ಕ ಹೊಸ್ತಿಲಲ್ಲೇ ಕೂತಿದ್ದಳು.

ಮರುದಿನ ಭಾವನನ್ನು ಜಾಮೀನಿನ ಮೇಲೆ ಬಿಟ್ಟರು. ಜನ ತುಂಬಿದಷ್ಟೇ ಭಾರವಾಗಲೆಂದು ಮರಳು ಮೂಟೆ ಹೇರಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಏರಿಗೆ ಬಸ್ಸು ಹೊಡೆದೆ. ಒಂದು ಕಡೆ ಕೆರೆಯ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ, ನಡುವೆ ಒಂದೇ ಗಾಡಿಯ ಅಗಲ. ಏರಿದ ಮೇಲೆ ತಿರುಗಿಸಲಾಗದು. ಹಿಂದೆಯೇ ಮಾವು ಹೇರಿದ ಎತ್ತಿನ ಗಾಡಿಗಳು ಸಾಲುಗಟ್ಟಿ ಬಂದವು, ಹಿಂದಕ್ಕೂ ದಾರಿಯಿಲ್ಲವಾಯಿತು.

ಮೊದಲ ಗುಂಡಿಯಲ್ಲಿ ಸ್ಟಿಯರಿಂಗ್ ನನ್ನ ಕೈಯಲ್ಲಿ ಮಿಸುಕಿತು. ಎರಡನೆಯದರಲ್ಲಿ ಬಸ್ಸು ನೀರಿನ ಕಡೆಗೆ ಮೂತಿ ತಿರುಗಿಸಿತು. ಸರಿಪಡಿಸುವಷ್ಟರಲ್ಲಿ ಚಕ್ರ ಮೇಲೆದ್ದು ಗದ್ದೆಯ ಕಡೆಗೆ ಎಳೆಯಿತು. ನಾನು ತಿದ್ದುವುದೂ ಅದು ತಿರುಗುವುದೂ ಒಂದಕ್ಕೊಂದು ಸೇರಿ ಬಸ್ಸು ಇನ್ನಷ್ಟು ತೂರಾಡಿತು. ಭಾವ ಸೀಟಿನ ಕಂಬಿ ಹಿಡಿದು, "ನಿಧಾನ, ನಿಧಾನ" ಎನ್ನುತ್ತಲೇ ಇದ್ದ. ಇಂಜಿನ್ ನಿಲ್ಲುವಷ್ಟು ನಿಧಾನವಾಗಿ ತೆವಳಿಸಿ ಆ ಏರಿ ದಾಟಿದೆ. ದಾಟಿದ ಮೇಲೆ ಬಸ್ಸನ್ನು ಬದಿಗೆ ನಿಲ್ಲಿಸಿದೆ.

"ಇತ್ತೀಚೆಗೆ ಏನಾದ್ರೂ ಬದಲಾಯಿಸಿದ್ರಾ ಭಾವ?"

"ಮಾಲೂರಲ್ಲಿ ಮುಂದಿನ ಸ್ಪ್ರಿಂಗ್ ಮುರೀತು. ಅಲ್ಲಿನ ಗ್ಯಾರೇಜಿನೋರು ಲಾರೀದು ಎರಡೂ ಕಡೆ ಹಾಕಿದ್ರು. ಗಟ್ಟಿ ಅಂದ್ರು."

ಕೆಳಗೆ ನುಸುಳಿ ನೋಡಿದೆ. ಸ್ಟಿಯರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸಲಾಕೆಗೆ ಡ್ರ್ಯಾಗ್ ಲಿಂಕ್ ಎನ್ನುತ್ತಾರೆ. ಅದು ಹೆಚ್ಚು ಕಡಿಮೆ ಮಟ್ಟಸವಾಗಿದ್ದರೆ ಚಕ್ರ ಮೇಲೆ ಕೆಳಗೆ ಆಡಿದರೂ ತೊಂದರೆಯಿಲ್ಲ. ಲಾರಿಯ ಸ್ಪ್ರಿಂಗಿನ ಬಾಗು ಹೆಚ್ಚು. ಹಾಗಾಗಿ ಬಸ್ಸಿನ ಮುಂಭಾಗ ಮೇಲೆದ್ದು ಸಲಾಕೆ ಓರೆಯಾಗಿತ್ತು. ಈಗ ಚಕ್ರ ಎದ್ದಾಗೆಲ್ಲ ಅದು ಸಲಾಕೆಯನ್ನು ತಳ್ಳುತ್ತಿತ್ತು, ಇಳಿದಾಗೆಲ್ಲ ಎಳೆಯುತ್ತಿತ್ತು, ಸ್ಟಿಯರಿಂಗ್ ತಾನಾಗಿ ತಿರುಗುತ್ತಿತ್ತು. ಸಮ ರಸ್ತೆಯಲ್ಲಿ ಸ್ಪ್ರಿಂಗ್ ಆಡುವುದೇ ಇಲ್ಲ. ಹಾಗಾಗಿ ದೋಷವೂ ಕಾಣುವುದಿಲ್ಲ. ಎರಡೂ ಕಡೆ ಹಾಕಿದ್ದರಿಂದ ಬಸ್ಸು ವಾಲಿಯೂ ಇರಲಿಲ್ಲ.

ಹೇಳಿಕೆಯ ದಿನ ಶೆಟ್ಟರ ಎದುರಿಗೇ ಇನ್‌ಸ್ಪೆಕ್ಟರನ್ನು ಡ್ರೈವರ್ ಸೀಟಿನಲ್ಲಿ ಕೂರಲು ಕೇಳಿಕೊಂಡೆ. "ಸ್ಟಿಯರಿಂಗ್ ಮೇಲೆ ಕೈ ಸುಮ್ಮನೆ ಇಟ್ಟಿರಿ ಸಾರ್. ತಿರುಗಿಸಬೇಡಿ." ಬಸ್ಸಿನ ಅಡಿಕಟ್ಟಾದ ಚಾಸಿಯ ಮುಂಭಾಗಕ್ಕೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿದೆ. ಚಕ್ರಗಳು ನೆಲದ ಮೇಲೇ ಇದ್ದವು, ಬಸ್ಸು ನಿಂತಲ್ಲೇ ಇತ್ತು. ಅವರ ಕೈಯೊಳಗೆ ಸ್ಟಿಯರಿಂಗ್ ತಾನಾಗಿ ತಿರುಗಿತು. ಜಾಕ್ ಇಳಿಸಿದೆ. ವಾಪಸ್ಸು ತಿರುಗಿತು.

"ಮತ್ತೊಮ್ಮೆ ಎತ್ತಿ," ಎಂದರು. ಎತ್ತಿದೆ. ಅವರು ಕೆಳಗಿಳಿದು ಬಂದು, ಬಟ್ಟೆಯ ಧೂಳನ್ನೂ ಲೆಕ್ಕಿಸದೆ ಗಾಡಿಯ ಕೆಳಗೆ ಬಗ್ಗಿ ನೋಡಿದರು. "ಇದು ಡ್ರೈವರ್ ತಪ್ಪಲ್ಲ," ಎಂದರು. ಸ್ಪ್ರಿಂಗ್ ಸರಿಪಡಿಸುವ ತನಕ ಬಸ್ಸು ರಸ್ತೆಗಿಳಿಯಬಾರದೆಂದು ಶೆಟ್ಟರಿಗೆ ತಾಕೀತು ಮಾಡಿದರು, ಪರ್ಮಿಟ್ ತೆಗೆಯಲಿಲ್ಲ. ಕುಲುಮೆಯಲ್ಲಿ ಸ್ಪ್ರಿಂಗಿನ ಪ್ಲೇಟುಗಳನ್ನು ಕಾಯಿಸಿ ಬಾಗು ಇಳಿಸಿದೆವು, ಸಲಾಕೆ ಮಟ್ಟಕ್ಕೆ ಬಂತು. ಪೊಲೀಸರು ತೆಗೆದಿಟ್ಟುಕೊಂಡಿದ್ದ ಲೈಸೆನ್ಸ್ ಭಾವನಿಗೆ ವಾಪಸ್ಸು ಸಿಕ್ಕಿತು.

ಅಂದಿನಿಂದ ಯಾವ ಡ್ರೈವರ್ ದೂರು ತಂದರೂ ನಾನು ಮೊದಲು ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಯಾವ ರಸ್ತೆ, ಎಷ್ಟು ಭಾರ ಎಂದು ಕೇಳಿ, ಅವನೊಡನೆ ಅಲ್ಲಿಗೇ ಹೋದೆ. ಗಾಡಿಯ ರೋಗ ಅದು ನರಳುವ ಜಾಗದಲ್ಲಿಯೇ ಗೊತ್ತಾಗಬೇಕು. ಇದು ಕಸುಬು ಕಲಿಸಿದ್ದು. ಅದಕ್ಕಿಂತ ಹೆಚ್ಚಿನದನ್ನು ಭಾವ ಕಲಿಸಿದ. ಆ ದಿನ ಇನ್‌ಸ್ಪೆಕ್ಟರು ಹೋದ ಮೇಲೆ ಅವನು ವರ್ಕ್‌ಶಾಪಿನ ಕಲ್ಲಿನ ಮೇಲೆ ಕುಸಿದು ಕೂತು ಹೇಳಿದ:

"ಎಲ್ಲರೂ ಅಂದೂ ಅಂದೂ, ನಾನೇ ತಿರುಗಿಸಿದ್ನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು ಕಣೋ."