ತೊಂಬತ್ತೊಂಬತ್ತು ಜನರಿಗೆ ಬೀಗ ಹಾಕಿದ ನಮ್ಮ ಮಾವ

ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಚರ್ಚಿನ ಕಾವಲುಗಾರ. ಗುಡಿಸುವುದು, ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಬಾಗಿಲು ತೆಗೆಯುವುದು, ಹಾಕುವುದು. ಸಂಬಳ ಇಷ್ಟಕ್ಕೇ. ಆದರೆ ಅವನು ಜೀವ ತೇಯ್ದದ್ದು ಬೇರೆ ಕೆಲಸಕ್ಕೆ. ಭಾನುವಾರ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ನೋಡುವುದೇ ಅವನ ಕಸುಬಾಗಿಬಿಟ್ಟಿತ್ತು. ಜನ ಅವನ ಬೆನ್ನ ಹಿಂದೆ ಹಾಜರಪ್ಪ ಎನ್ನುತ್ತಿದ್ದರು. ಕೆಲವರು ಮುಖದ ಮೇಲೂ ಅಂದದ್ದುಂಟು, ಅವನಿಗೆ ಬೇಜಾರೇನೂ ಆಗಲಿಲ್ಲ.

ಬಾಗಿಲ ಪಕ್ಕದ ಕಪಾಟಿನಲ್ಲಿ ಸರಿಯಾಗಿ ನೂರು ಹಾಡಿನ ಪುಸ್ತಕಗಳಿದ್ದವು. ಪ್ರತಿಯೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದ. ಸಭೆಯಲ್ಲಿದ್ದದ್ದೂ ನೂರೇ ಜನ, ಒಬ್ಬೊಬ್ಬರಿಗೆ ಒಂದೊಂದು ನಂಬರು. ಯಾರಾದರೂ ತೀರಿಕೊಂಡರೆ ಆ ಪುಸ್ತಕ ಮುಂದೆ ಹುಟ್ಟುವ ಮಗುವಿಗೆ. ಮಗು ಹಾಲು ಕುಡಿಯುವ ವಯಸ್ಸಿನದಾದರೂ ಸರಿ, ಅದರ ಮಗ್ಗುಲಲ್ಲಿ ಪುಸ್ತಕ ಇರಲೇಬೇಕು. ಹೀಗಾಗಿ ಮಾವ ತಲೆ ಎಣಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಮೊದಲ ಹಾಡು ಶುರುವಾದಾಗ ಕಪಾಟಿನತ್ತ ಒಮ್ಮೆ ನೋಡಿದರೆ ಸಾಕು, ಉಳಿದ ಪುಸ್ತಕ ಯಾರದೋ ಅವರು ಬಂದಿಲ್ಲ.

ಬರದವರ ಮನೆಗೆ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದ. ಮೂವತ್ತೊಂದನೇ ನಂಬರಿನ ಟೀಚರಮ್ಮ ಒಮ್ಮೆ ಜ್ವರದಲ್ಲಿ ಮಲಗಿದ್ದಾಗ ಈ ಪುಣ್ಯಾತ್ಮ ಮಂಚದ ಪಕ್ಕ ಹೋಗಿ ನಿಂತಿದ್ದನಂತೆ. "ಏಳೋದು ಬೇಡ. ಪುಸ್ತಕ ಒಂದು ಕೈಲಿ ಹಿಡ್ಕೊಳ್ಳಿ, ಬಂದ ಹಾಗೇ ಲೆಕ್ಕ" ಅಂದನಂತೆ. ಟೀಚರಮ್ಮ ಆಮೇಲೆ ಕೆಮ್ಮುತ್ತಲೋ ನರಳುತ್ತಲೋ ಬಂದು ಕೂರುತ್ತಿದ್ದರೇ ಹೊರತು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಭಕ್ತಿಯಿಂದ ಬರುವವರು ಎಷ್ಟೋ, ಮಾವನ ಕಾಟಕ್ಕೆ ಬರುವವರು ಎಷ್ಟೋ, ದೇವರಿಗೇ ಗೊತ್ತು.

ಆದರೆ ಅರವತ್ತಮೂರನೇ ಪುಸ್ತಕ ಮೂರು ವರ್ಷದಿಂದ ಕಪಾಟಿನಲ್ಲೇ ಇತ್ತು. ಅದು ನಮ್ಮಪ್ಪನದು.

ಅಪ್ಪ ಬೀಗ ರಿಪೇರಿ ಮಾಡುವವನು. ಎಂಥ ಬೀಗವಾದರೂ ಎರಡು ನಿಮಿಷದಲ್ಲಿ ತೆಗೆಯುತ್ತಿದ್ದ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆದ ಬೆಳಿಗ್ಗೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ, "ಒಂದು ಕೀ ಮಾಡಿಕೊಡೋದಿದೆ, ಬಂದೆ" ಎಂದು ಹೇಳಿ ಹೋದವನು ಬರಲೇ ಇಲ್ಲ. ಭಾನುವಾರ ಚರ್ಚಿಗೆ ಓಡಿಹೋಗಿ ನನ್ನ ಪುಸ್ತಕದ ಜೊತೆ ಅಮ್ಮನದನ್ನೂ ಹಿಡಿದು ಕೂತು ಬಂದದ್ದು ಬಿಟ್ಟರೆ, ಹನ್ನೊಂದು ದಿನ ಆ ವರಾಂಡದ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ನನಗಾಗ ಹತ್ತೊಂಬತ್ತು. ಡಾಕ್ಟರು ಕಾಗದ ತಂದು ಸಹಿ ಹಾಕು ಎಂದಾಗಲೆಲ್ಲ ನಾನೇ ಹಾಕಿದೆ. ಅಮ್ಮ ಬದುಕಿದಳು. ನಾನು ಓದು ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದೆ. ಊರಿನ ಆ ತುದಿಯ ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪ ಒಂದು ಡಬ್ಬಾ ಅಂಗಡಿ ಇಟ್ಟುಕೊಂಡಿದ್ದಾನೆ, ಅದರಲ್ಲೇ ಮಲಗುತ್ತಾನೆ ಎಂದು ಆಮೇಲೆ ಗೊತ್ತಾಯಿತು. ಅಮ್ಮ ಸತ್ತುಹೋಗುತ್ತಾಳೆ ಎಂಬ ಹೆದರಿಕೆಗೆ ಓಡಿಹೋದನಂತೆ, ಬದುಕಿದ್ದಾಳೆ ಎಂದು ತಿಳಿದ ಮೇಲೆ ನಾಚಿಕೆಗೆ ಬರಲಿಲ್ಲವಂತೆ. ಇಂಥ ಕಾರಣಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ, ಈಗಲೂ.

ನೂರು ಮನೆ ಬಾಗಿಲು ತಟ್ಟುವ ಮಾವ ಆ ಒಂದು ಡಬ್ಬಾದ ಕಡೆ ಮಾತ್ರ ತಲೆ ಹಾಕಿರಲಿಲ್ಲ. "ಅವನು ಈ ಮೆಟ್ಟಿಲು ಹತ್ತಿದರೆ ಕಾಲು ಮುರೀತೀನಿ" ಎಂದು ಎಲ್ಲರೆದುರು ಹೇಳಿದ್ದ. ಆ ಮಾತಿನಿಂದ ನನಗೆ ಎಷ್ಟು ತಂಪಾಗಿತ್ತು ಎಂದರೆ, ಭಾನುವಾರ ಕಪಾಟಿನಲ್ಲಿ ಆ ಒಂದು ಪುಸ್ತಕ ಉಳಿದಿರುವುದನ್ನು ನೋಡಿಕೊಂಡೇ ಒಳಗೆ ಹೋಗುತ್ತಿದ್ದೆ.

ಹೀಗಿರುವಾಗ ಹೊಸ ಪಾದ್ರಿ ಬಂದರು. ಎಳೆ ವಯಸ್ಸು, ಕೈ ಬೀಸಿ ಬೀಸಿ ಮಾತಾಡುವ ಉತ್ಸಾಹ. ಮೊದಲ ಭಾನುವಾರವೇ ನೂರು ಕುರಿಗಳ ಕಥೆ ತೆಗೆದರು. ಒಂದು ಕುರಿ ತಪ್ಪಿಸಿಕೊಂಡರೆ ಕುರುಬ ಮಿಕ್ಕ ತೊಂಬತ್ತೊಂಬತ್ತನ್ನೂ ಬಿಟ್ಟು ಅದನ್ನು ಹುಡುಕುತ್ತಾನೆ, ಸಿಕ್ಕಿದಾಗ ಬೈಯುವುದಿಲ್ಲ, ಹೆಗಲ ಮೇಲೆ ಹೊತ್ತು ತರುತ್ತಾನೆ, ದೇವರ ಪ್ರೀತಿ ಅಂಥದ್ದು ಎಂದು ಹೇಳಿ, ಕೊನೆಗೆ ಎರಡೂ ಕೈ ಚಾಚಿ ಕೇಳಿದರು: "ನಿಮ್ಮಲ್ಲಿ ಯಾರು ಹೋಗದೇ ಇರ್ತೀರಿ, ಹೇಳಿ?"

ಪಾದ್ರಿಗಳು ಹಾಗೆ ಕೇಳುವುದು ಉತ್ತರಕ್ಕಲ್ಲ ಎಂದು ಚರ್ಚಿಗೆ ಹೋಗುವ ಯಾರಿಗಾದರೂ ಗೊತ್ತು. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ನಾವು ತಲೆ ತಗ್ಗಿಸುತ್ತೇವೆ, ಆಮೇಲೆ ಹಾಡು. ಆದರೆ ಮಾವ ಕಾವಲಿಗೆ ಸೇರಿದ ಹದಿನೆಂಟು ವರ್ಷದಲ್ಲಿ ಆ ಪೀಠದಿಂದ ಮಾವನ ಕಸುಬಿನ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಅವನು ಬಾಗಿಲ ಹತ್ತಿರದ ಸ್ಟೂಲಿನಿಂದ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ನಾನು ಹೋಗಿಲ್ಲ ಪಾಸ್ಟರ್. ಮೂರು ವರ್ಷ ಆಯ್ತು" ಅಂದ. "ಈಗ ಹೋಗ್ತೀನಿ."

ಕಪಾಟಿನಿಂದ ಅರವತ್ತಮೂರನ್ನು ಎತ್ತಿಕೊಂಡು ಹೊರಗೆ ನಡೆದ. ದೊಡ್ಡ ಬಾಗಿಲು ಮುಚ್ಚಿತು, ಚಿಲಕ ಬಿತ್ತು, ಬೀಗದ ಸದ್ದು ಕೇಳಿಸಿತು. ತೊಂಬತ್ತೊಂಬತ್ತನ್ನು ಬಯಲಲ್ಲಿ ಬಿಟ್ಟುಹೋಗುವ ಕುರುಬನ ಬೇಜವಾಬ್ದಾರಿ ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಒಬ್ಬನನ್ನು ತರಲು ಹೋದಾಗ ಇನ್ನಿಬ್ಬರು ಜಾರಿಕೊಂಡರೆ ಏನು ಗತಿ?

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ. ಹಿಂಬಾಗಿಲಿಗೆ ಮಾವನೇ ಹಳೇ ಬೆಂಚುಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದ. ಕಿಟಕಿಗಳಿಗೆ ಸರಳು. ಹಿರಿಯರೊಬ್ಬರು ಅಗ್ನಿಶಾಮಕದವರಿಗೆ ಫೋನ್ ಮಾಡಿದರು. "ಬೆಂಕಿ ಇದೆಯಾ?" ಎಂದು ಕೇಳಿದರಂತೆ. ಇಲ್ಲ ಎಂದಾಗ, "ಹಾಗಾದ್ರೆ ಬೀಗದ ಕೈಯೋರು ಬರೋವರೆಗೂ ಕಾಯಿರಿ" ಅಂದರಂತೆ. ಪಾದ್ರಿ ಪ್ರಸಂಗವನ್ನು ಇನ್ನರ್ಧ ಗಂಟೆ ಎಳೆದರು, ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಹದಿನಾಲ್ಕು ಹಾಡು ಹಾಡಿದೆವು. ಮಕ್ಕಳಿಗೆ ಮೂತ್ರಕ್ಕೆ ಅವಸರವಾಯಿತು, ಸ್ವಲ್ಪ ಹೊತ್ತಿಗೆ ದೊಡ್ಡವರಿಗೂ ಆಯಿತು. ಬೇಕರಿಯವರು ಒಲೆ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಟೀಚರಮ್ಮ ಮಾತ್ರ ನಗುತ್ತಿದ್ದರು. ಅಮ್ಮ ನನ್ನ ಪಕ್ಕದಲ್ಲಿ ಪುಸ್ತಕದ ಹಾಳೆ ತಿರುವುತ್ತಿದ್ದಳು. ಮಾವ ಯಾರನ್ನು ಕರೆತರಲು ಹೋಗಿದ್ದಾನೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನಮ್ಮಿಬ್ಬರ ಕಡೆ ಕದ್ದು ನೋಡುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನೆಲ ನೋಡುತ್ತಾ ಕೂತೆ.

ಅತ್ತ ಏನಾಯಿತು ಎಂಬುದನ್ನು ಮಾವ ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡನಂತೆ. ಪಕ್ಕದಲ್ಲಿದ್ದ ಹೆಂಗಸು ತನಗೇ ಬೈಯುತ್ತಿದ್ದಾನೆ ಎಂದು ಎದ್ದು ಬೇರೆ ಸೀಟಿಗೆ ಹೋದಳಂತೆ. ಡಬ್ಬಾ ಅಂಗಡಿ ತಲುಪಿದಾಗ ಅಪ್ಪ ಒಂದು ಹಳೇ ಬೀಗವನ್ನು ತೊಡೆ ಮೇಲಿಟ್ಟುಕೊಂಡು ಉಜ್ಜುತ್ತಿದ್ದ. ಅಂಗಿಯ ಕಾಲರು ಹರಿದಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾವನಿಗೆ ಜೋಡಿಸಿಟ್ಟುಕೊಂಡದ್ದೆಲ್ಲ ಮರೆತೇಹೋಯಿತು.

"ಏಳಯ್ಯ. ಹಾಡು ಶುರುವಾಗಿದೆ" ಅಂದನಂತೆ.

ಅಪ್ಪ ಬೀಗ ಕೆಳಗಿಟ್ಟ. ಆಮೇಲೆ, "ಭಾವ, ನಾನು ಏನು ಮಾಡಿದೀನಿ ಅಂತ ಗೊತ್ತಲ್ಲ ನಿಮಗೆ. ಯಾವ ಮುಖ ಇಟ್ಕೊಂಡು ಬರಲಿ?" ಎಂದನಂತೆ.

"ಗೊತ್ತು. ಅದನ್ನ ಆಮೇಲೆ ಮಾತಾಡೋಣ. ಎಲ್ಲರನ್ನೂ ಒಳಗೆ ಕೂಡಿಹಾಕಿ ಬಂದಿದೀನಿ, ಹೊತ್ತಾಗ್ತಿದೆ."

ಯೋಗ್ಯತೆ ಇದೆಯೋ ಇಲ್ಲವೋ ಎಂದು ವಾದ ಮಾಡಲು ಅಪ್ಪನಿಗೆ ಪುರುಸೊತ್ತೇ ಸಿಗಲಿಲ್ಲ. ಪುಸ್ತಕ ಕೈಗೆ ಬಂದ ಕೂಡಲೇ ಅವನು ಅತ್ತುಬಿಟ್ಟ. ಮಾವ ಜೇಬಿನಿಂದ ಕರ್ಚೀಫು ಎಳೆದು ಕೊಟ್ಟ. ಚರ್ಚಿನ ಬೀಗದ ಕೈಯನ್ನು ಜೋಪಾನವಾಗಿರಲಿ ಎಂದು ಆ ಕರ್ಚೀಫಿನಲ್ಲೇ ಸುತ್ತಿಟ್ಟಿದ್ದ. ಅದು ಹಾರಿ ಅಂಗಡಿ ಮುಂದಿನ ಮೋರಿಗೆ ಬಿತ್ತು, ಕೆಸರಿನಲ್ಲಿ ಮುಳುಗಿತು. ಇದ್ದದ್ದು ಅದೊಂದೇ ಕೈ. ಎರಡನೆಯದು ಮಾಡಿಸಿದರೆ ಯಾರಾದರೂ ಕದಿಯುತ್ತಾರೆ ಎಂದು ಮಾವ ಮಾಡಿಸಿರಲೇ ಇಲ್ಲ.

ಹೀಗೆ, ಯಾರು ಕಾಲಿಟ್ಟರೆ ಕಾಲು ಮುರೀತೀನಿ ಎಂದು ಮಾವ ಹೇಳಿದ್ದನೋ ಅವನೇ ಬಂದು ಬಾಗಿಲು ತೆಗೆಯದೆ ನಾವು ಯಾರೂ ಹೊರಗೆ ಬರುವಂತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಹೊರಗೆ ತಂತಿ ಕೆರೆಯುವ ಸದ್ದು ಕೇಳಿತು. ಇಡೀ ಸಭೆ ಉಸಿರು ಬಿಗಿಹಿಡಿದು ಬಾಗಿಲನ್ನೇ ನೋಡುತ್ತಿತ್ತು. ಬೀಗ ತೆಗೆಯುವಾಗ ಅಪ್ಪ ಮೂಗಿನಲ್ಲಿ ಸಣ್ಣಗೆ ಗುನುಗುತ್ತಾನೆ. ಆ ಗುನುಗು ಕೇಳಿದ್ದೇ ಅಮ್ಮ ನನ್ನ ಕೈ ಹಿಡಿದುಕೊಂಡಳು. ನಾನು ಕೊಸರಿಕೊಂಡೆ.

ಎರಡು ನಿಮಿಷ ಹಿಡಿಯಬೇಕಾದದ್ದು ಇಪ್ಪತ್ತು ನಿಮಿಷ ಹಿಡಿಯಿತು. ತಂತಿ ಎರಡು ಸಲ ಕೈಜಾರಿ ಬಿತ್ತಂತೆ. ಬಾಗಿಲು ತೆರೆಯಿತು. ಮೊಣಕಾಲೂರಿ ಕೂತಿದ್ದ ಅಪ್ಪ ತಲೆ ಎತ್ತಿದ. ಮೂರು ವರ್ಷದಿಂದ ಅವನನ್ನು ಆಡಿಕೊಂಡಿದ್ದವರೆಲ್ಲ ಎದುರಿಗಿದ್ದರು. ಆದರೆ ಯಾರಿಗೂ ಅವನ ಪಾಪವನ್ನು ತೂಗುವಷ್ಟು ತಾಳ್ಮೆ ಉಳಿದಿರಲಿಲ್ಲ. ಎಲ್ಲರೂ ಅವನನ್ನು ದಾಟಿಕೊಂಡು ಅಂಗಳದ ಮೂಲೆಯ ಕಕ್ಕಸಿಗೆ ಓಡಿದರು. ಓಡುವಾಗ ಹಿರಿಯರು ಅವನ ಬೆನ್ನು ತಟ್ಟಿ, "ದೇವರು ನಿನ್ನ ಚೆನ್ನಾಗಿಟ್ಟಿರಲಪ್ಪ" ಎಂದು ಹೇಳಿಯೇ ಹೋದರು. ಅದೇ ಹಿರಿಯರು ಹಿಂದೊಮ್ಮೆ ಅವನ ಹೆಸರು ತೆಗೆದುಹಾಕಿ ಎಂದು ಅರ್ಜಿ ಬರೆದಿದ್ದರು.

ಅಮ್ಮ ಎದ್ದು ಬಾಗಿಲವರೆಗೆ ಹೋದಳು. ಅವನ ಮುಂದೆ ನಿಂತಳು. "ಊಟ ಮಾಡಿದೀಯಾ?" ಎಂದು ಕೇಳಿದಳು, ಅಷ್ಟೇ. ಅವನು ಇಲ್ಲ ಎಂದು ತಲೆಯಾಡಿಸಿದ.

ನನಗೆ ನೋಡಲಾಗಲಿಲ್ಲ. ಹನ್ನೊಂದು ದಿನದ ಲೆಕ್ಕ ಇಷ್ಟು ಸುಲಭಕ್ಕೆ ಮುಗಿದುಹೋಗುತ್ತದೆಯೇ? ಪುಸ್ತಕವನ್ನು ಬೆಂಚಿನ ಮೇಲೇ ಬಿಟ್ಟು, ಜನರ ನಡುವೆ ನುಸುಳಿ ಗೇಟು ದಾಟಿ ನಡೆದೆ. ಬೀದಿಯ ಕೊನೆಯಲ್ಲಿ ನಮ್ಮ ಲಾಂಡ್ರಿ. ಭಾನುವಾರ ಮುಚ್ಚಿರುತ್ತದೆ. ಅದರ ಕಟ್ಟೆ ಮೇಲೆ ಕೂತು ಹೊಟ್ಟೆ ತುಂಬ ಅತ್ತೆ. ಹಿಂದಿನಿಂದ ಹಾಡು ಕೇಳಿಸಿತು. ಮತ್ತೆ ಎಲ್ಲ ಒಳಗೆ ಸೇರಿಕೊಂಡಿದ್ದರು, ಹದಿನೈದನೇ ಹಾಡು. ಅಪ್ಪನ ದನಿಯೂ ಅದರಲ್ಲಿದೆ ಅನ್ನಿಸಿ ಕಿವಿ ಮುಚ್ಚಿಕೊಂಡೆ.

ಹಾಡು ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತಿಗೆ ಮಾವ ಏದುಸಿರು ಬಿಡುತ್ತಾ ಬಂದ. ಅರವತ್ತೊಂದರ ಪ್ರಾಯ, ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಕೈಯಲ್ಲಿ ಅರವತ್ತೈದನೇ ಪುಸ್ತಕ, ನನ್ನದು.

"ಬಾರೇ ಪುಟ್ಟಿ" ಅಂದ.

"ನನ್ನನ್ಯಾಕೆ ಹುಡುಕ್ಕೊಂಡು ಬಂದೆ? ನಾನೇನು ಓಡಿಹೋದೋಳಾ? ಒಂದು ಭಾನುವಾರ ತಪ್ಪಿಸಿದೀನಾ? ಅಮ್ಮನ್ನ ನೋಡ್ಕೊಂಡೋಳು ನಾನು. ಅವನು ಬಂದ ಅಂತ ಹಾಡು ಹೇಳ್ತಿದೀರಲ್ಲ, ನನಗೆ ಯಾರಾದ್ರೂ ಒಂದು ಹಾಡು ಹೇಳಿದ್ರಾ?"

ಮಾವ ಕಟ್ಟೆ ಮೇಲೆ ಕೂತ. ಪುಸ್ತಕವನ್ನು ತೊಡೆ ಮೇಲಿಟ್ಟುಕೊಂಡ.

"ಇಲ್ಲ ಕಣೇ. ಹೇಳಲಿಲ್ಲ" ಅಂದ. "ಆ ಹನ್ನೊಂದು ದಿನದಲ್ಲಿ ನಾನೂ ಬರಲಿಲ್ಲ. ಚರ್ಚಿಗೆ ಸುಣ್ಣ ಬಳೀತಾ ಇದ್ದೆ. ನೀನು ಭಾನುವಾರ ತಪ್ಪಿಸ್ತಿರಲಿಲ್ಲ ನೋಡು, ಅದಕ್ಕೆ ನಿನ್ನನ್ನ ಹುಡುಕಬೇಕು ಅಂತ ಹೊಳೀಲೇ ಇಲ್ಲ."

ಮೂರು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಅವನು ಏಳುವ ಲಕ್ಷಣ ಕಾಣಿಸಲಿಲ್ಲ.

"ನಾನು ಅವನನ್ನ ಮಾತಾಡ್ಸಲ್ಲ" ಅಂದೆ.

"ಮಾತಾಡ್ಸಬೇಡ."

"ಕ್ಷಮಿಸೋದೂ ಇಲ್ಲ."

"ಸರಿ."

"ನಾನು ಬರದೇ ಇದ್ರೆ?"

"ನಾನೂ ಇಲ್ಲೇ ಕೂತಿರ್ತೀನಿ. ಇನ್ನೇನು ಮಾಡಲಿ."

"ಅಲ್ಲಿ ಅಷ್ಟೊಂದು ಜನ ಕಾಯ್ತಿದಾರಲ್ಲ, ಬೀಗ ಹಾಕಿ ಬಂದೆಯಾ?"

"ಕೈ ಎಲ್ಲಿದೆ ಹಾಕೋಕೆ? ತೆರೆದೇ ಇದೆ" ಅಂದ ಮಾವ. "ಎಲ್ಲಾರೂ ಮನೆಗೆ ಹೋಗಬಹುದಿತ್ತು, ಬೇಕರಿಯೋರು ಸಹ. ನೀನಿಲ್ಲ ಅಂತ ಗೊತ್ತಾದ ಮೇಲೆ ಒಬ್ಬರೂ ಏಳಲಿಲ್ಲ."